ಬೋಲ್ಟಿನ ಕೊನೆಯ ಸುತ್ತು

ಹದಿನೈದು ಎಳೆಗಳುಳ್ಳ ಬೋಲ್ಟಿಗೆ ನಟ್ಟನ್ನು ತೊಡಿಸಿ ಬಿಗಿಯಬೇಕಾದರೆ ಅದನ್ನು ಹದಿನೈದು ಸಲ ತಿರುಗಿಸಬೇಕು. ಇವುಗಳಲ್ಲಿ ನಿಜವಾಗಿ ಬಿಗಿಯುವ ಕೆಲಸವನ್ನು ಮಾಡುವ ಸುತ್ತುಗಳೆಷ್ಟು? ಹುಕ್ಕನ ನಿಯಮವನ್ನು ಕಲಿತ ವಿದ್ಯಾರ್ಥಿಯು ತುಸು ಯೋಚಿಸಿದರೆ ಉತ್ತರವನ್ನು ತಾನೇ ಹೇಳಬಲ್ಲನು. ನಟ್ಟು ಕೆಳಗಿನ ಲೋಹವನ್ನು ಮುಟ್ಟುವವರೆಗೆ ಬೋಲ್ಟಿನಲ್ಲಿ ಎಳೆತವೇ ಇರುವುದಿಲ್ಲ. ಮುಟ್ಟಿದ ಮೇಲೆ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಹಿಗ್ಗಿನಿಂದಲೇ ಹಿಡಿತವು ಹುಟ್ಟುತ್ತದೆ. ಬಿಗಿಯುವುದು ಕೊನೆಯ ಸುತ್ತು. ಬಿಚ್ಚುವಾಗ ಸಡಿಲಿಸುವುದು ಮೊದಲನೆಯ ಸುತ್ತು. ಉಳಿದ ಹದಿನಾಲ್ಕೂ ಬರಿಯ ಪ್ರಯಾಣ.

ಇಷ್ಟು ಸರಳವಾದ ಸಂಗತಿಯನ್ನು ಹಿಡಿದು ಕಾರ್ಖಾನೆಯ ಕೆಲಸವನ್ನೇ ತಿದ್ದಿದವರು ಜಪಾನಿನ ಎಂಜಿನಿಯರ್ ಶಿಗೆಒ ಶಿಂಗೊ (1909-1990). ಕೆಲಸದ ರೀತಿಯನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಉತ್ತಮಗೊಳಿಸುವುದಕ್ಕೆ ಜಪಾನೀಯರು 'ಕೈಜೆನ್' ಎನ್ನುತ್ತಾರೆ. ಇಲ್ಲಿಯ 'ಕೈ' ನಮ್ಮ ಕೈಯಲ್ಲ. ಅದರ ಅರ್ಥ ಮಾರ್ಪಾಡು. 'ಜೆನ್' ಎಂದರೆ ಒಳಿತು.

ಮೋಟಾರು ಗಾಡಿಯ ತಗಡುಗಳನ್ನು ಭಾರಿ ಒತ್ತುಯಂತ್ರಗಳಲ್ಲಿ ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಆಕಾರವು ಬೇರೆಯಾದರೆ ಅಚ್ಚನ್ನೂ ಬದಲಿಸಬೇಕು; ಬದಲಿಸುವಷ್ಟು ಹೊತ್ತು ಯಂತ್ರವು ಸುಮ್ಮನೆ ನಿಂತಿರುತ್ತದೆ. ಒಂದು ತಗಡಿಗೆ ಒಂದು ನಿಮಿಷ, ಅಚ್ಚಿನ ಬದಲಾವಣೆಗೆ 4 ಗಂಟೆ ಎಂದು ಇಟ್ಟುಕೊಳ್ಳೋಣ. ಒಮ್ಮೆಗೆ 100 ತಗಡುಗಳನ್ನು ಮಾಡಿದರೆ ಒಂದೊಂದಕ್ಕೂ 3.4 ನಿಮಿಷ ಬೀಳುತ್ತದೆ. 1,000 ಮಾಡಿದರೆ 1.24 ನಿಮಿಷ. ಆದುದರಿಂದ ಒಮ್ಮೆಗೇ ರಾಶಿಗಟ್ಟಲೆ ತಯಾರಿಸುವುದು ಜಾಣತನವೆಂದು ಯಾರಿಗಾದರೂ ತೋರುತ್ತದೆ. ಆದರೆ ಆ ರಾಶಿಗೆ ಜಾಗ ಬೇಕು, ಹಣ ಬೇಕು. ಅಚ್ಚಿನಲ್ಲಿ ದೋಷವಿದ್ದರಂತೂ ಅದು ಬೆಳಕಿಗೆ ಬರುವ ವೇಳೆಗೆ ಸಾವಿರ ತಗಡುಗಳು ಕೆಟ್ಟಿರುತ್ತವೆ. ಬದಲಾವಣೆಯು 3 ನಿಮಿಷದಲ್ಲಿ ಮುಗಿಯುವಂತಿದ್ದರೆ? 100 ತಗಡುಗಳಿಗೂ ತಲಾ 1.03 ನಿಮಿಷ ಸಾಕು. ರಾಶಿ ಹಾಕುವ ಕಾರಣವೇ ಇಲ್ಲವಾಗುತ್ತದೆ.

1950ರಲ್ಲಿ ಶಿಂಗೊ ಹಿರೋಷಿಮಾದ ತೋಯೊ ಕೋಗ್ಯೊ ಕಾರ್ಖಾನೆಯಲ್ಲಿ (ಮುಂದೆ ಮಜ್ದಾ ಎಂದು ಹೆಸರಾದುದು ಇದೇ) 800 ಟನ್ನಿನ ಒತ್ತುಯಂತ್ರದ ಅಚ್ಚನ್ನು ಬದಲಿಸುವುದನ್ನು ನೋಡುತ್ತ ನಿಂತಿದ್ದರು. ಕೆಲಸಗಾರನೊಬ್ಬನು ಥಟ್ಟನೆ ಓಡತೊಡಗಿದನು. ಒಂದು ಬೋಲ್ಟು ಸಿಕ್ಕಿರಲಿಲ್ಲ! ಗಂಟೆಗೂ ಮೀರಿ ಹುಡುಕಿ, ಕೊನೆಗೆ ಬೇರೊಂದು ಯಂತ್ರದ ಉದ್ದನೆಯ ಬೋಲ್ಟನ್ನು ತಂದು, ಕತ್ತರಿಸಿ, ಎಳೆ ಕೊರೆದು ಹಾಕಿದನು. ಶಿಂಗೊ ಅವರಿಗೆ ಹೊಳೆದುದು ಆಗಲೇ: ಯಂತ್ರವನ್ನು ನಿಲ್ಲಿಸಿಯೇ ಮಾಡಬೇಕಾದ ಕೆಲಸ ಬೇರೆ, ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಬೇರೆ. ಬೋಲ್ಟುಗಳನ್ನು ಹೊಂದಿಸಿಡುವುದು, ಮುಂದಿನ ಅಚ್ಚನ್ನು ಯಂತ್ರದ ಬಳಿಗೆ ತರುವುದು, ಇವೆಲ್ಲ ಎರಡನೆಯ ಬಗೆಯವು.

1969ರಲ್ಲಿ ಟೊಯೋಟಾದಲ್ಲಿ 1,000 ಟನ್ನಿನ ಯಂತ್ರಕ್ಕೆ ಇದೇ ವಿವೇಚನೆಯನ್ನು ಅನ್ವಯಿಸಿದರು. ನಾಲ್ಕು ಗಂಟೆಗಳ ಕೆಲಸವು ಮೊದಲು 90 ನಿಮಿಷಕ್ಕೆ ಇಳಿಯಿತು. ಅಷ್ಟಕ್ಕೇ ತೃಪ್ತರಾಗದ ಆಡಳಿತದವರು 3 ನಿಮಿಷದೊಳಗೆ ಮುಗಿಸಬೇಕೆಂದರು. ಶಿಂಗೊ ಮೊದಲು ದಿಗ್ಭ್ರಾಂತರಾದರಂತೆ; ಆದರೆ ಕೆಲವೇ ತಿಂಗಳಲ್ಲಿ ಅದೂ ಸಾಧಿಸಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೋಲ್ಟಿಗಾಗಿ ಓಡುವವನನ್ನು ಇನ್ನಷ್ಟು ವೇಗವಾಗಿ ಓಡಿಸುವುದು ಕೈಜೆನ್ ಅಲ್ಲ. ಆ ಓಟವೇ ಬೇಡವಾಗುವಂತೆ ಮಾಡುವುದು ಕೈಜೆನ್. ಯಾವ ಓಟ ವ್ಯರ್ಥವೆಂಬುದನ್ನು ಚೆನ್ನಾಗಿ ಬಲ್ಲವನು ಓಡುವವನೇ. ಟೊಯೋಟಾದವರು 1951ರಲ್ಲಿಯೇ ಕೆಲಸಗಾರರ ಸಲಹೆಗಳನ್ನು ಪಡೆಯುವ ಯೋಜನೆಯನ್ನು ತೊಡಗಿದುದು ಇದರಿಂದ. ಉಳಿಸಿದ ಗಂಟೆಗೆ ಪ್ರತಿಫಲವಾಗಿ ತನ್ನ ಕೆಲಸವೇ ಹೋಗುವುದಾದರೆ ಯಾವನು ತಾನೇ ಬಾಯಿ ಬಿಟ್ಟಾನು? ಈ ಪದ್ಧತಿಯನ್ನು ಹೊಗಳುವವರು ಅನೇಕರು ಈ ಪ್ರಶ್ನೆಯನ್ನು ಮರೆಯುತ್ತಾರೆ.

ಇನ್ನು ಆ ಹದಿನಾಲ್ಕು ಸುತ್ತುಗಳ ಗತಿ? ಒಂದು ಕಾರ್ಖಾನೆಯ ಒತ್ತಡಪಾತ್ರೆಯ ಮುಚ್ಚಳಕ್ಕೆ 16 ಬೋಲ್ಟುಗಳಿದ್ದುವು. ಮುಚ್ಚಳದ ದುಂಡು ರಂಧ್ರಗಳನ್ನು ಪೇರುಹಣ್ಣಿನ ಆಕಾರಕ್ಕೆ, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾಗಿ, ಕೊರೆದರು. ನಟ್ಟನ್ನು ಒಂದೇ ಸುತ್ತು ಸಡಿಲಿಸಿ ಮುಚ್ಚಳವನ್ನು ತುಸು ತಿರುಗಿಸಿದರೆ ನಟ್ಟುಗಳು ಅಗಲವಾದ ಭಾಗಕ್ಕೆ ಬರುತ್ತವೆ. ಮುಚ್ಚಳವನ್ನು ಹಾಗೆಯೇ ಮೇಲಕ್ಕೆತ್ತಬಹುದು. ನಟ್ಟುಗಳು ಬೋಲ್ಟಿನಲ್ಲಿಯೇ ಉಳಿಯುವುದರಿಂದ ಅವನ್ನು ಎಲ್ಲಿಯೋ ಇಟ್ಟು ಹುಡುಕುವ ಪ್ರಮೇಯವೂ ಇಲ್ಲ.