ಪಹಣಿಗೆ ವೀಸಾ ಸಿಗದು

ನಮ್ಮ ಕೊರವಂಗಲದ ಕಡೆ ಆಸ್ತಿವಂತ ಅಂದರೆ ಜಮೀನಿದ್ದವನು. ಅಣ್ಣನ ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟಾಗ ಆ ಲೆಕ್ಕ ಯಾವ ಕೌಂಟರಿನಲ್ಲೂ ನಡೆಯಲಿಲ್ಲ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ನಿಜ. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಊಟ-ವಸತಿಯ ಹಣ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ಕೂತಿರಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ಯೂರೊಗೆ ನೂರು ರೂಪಾಯಿ ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ. ಹುಡುಗ ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ.

"ಇಷ್ಟು ಜಮೀನು ಇಟ್ಕಂಡು ಸಾಲಕ್ಕೆ ಅಲೀಬೇಕೇನೋ?" ಅಂದ ಅಣ್ಣ. ಅಲೆಯಲೇಬೇಕಾಯಿತು. ಬ್ಯಾಂಕಿನವರಿಗೆ ಹೊಲ ಬೇಡ, ಸೈಟೋ ಮನೆಯೋ ಬೇಕು. 2002ರ ಸರ್ಫೇಸಿ ಕಾಯ್ದೆಯಲ್ಲಿ, ತೀರದ ಸಾಲಕ್ಕೆ ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಕ್ಕೆ ಪಡೆಯುವ ಅಧಿಕಾರ ಬ್ಯಾಂಕುಗಳಿಗಿದೆ. ಕೃಷಿ ಜಮೀನಿಗೆ ಅದು ಅನ್ವಯಿಸದು. ರೈತನನ್ನು ಕಾಯಲೆಂದು ಇಟ್ಟ ವಿನಾಯಿತಿ ರೈತನ ಮಗನ ಸಾಲಕ್ಕೆ ಅಡ್ಡ ಬಂತು! ಕೊನೆಗೆ ಕೆಲಸಕ್ಕೆ ಬಂದದ್ದು ಅತ್ತಿಗೆ ಹೆಸರಲ್ಲಿ ಹಾಸನದಲ್ಲಿದ್ದ ಸೈಟು.

ಆದಾಯದ ದಾಖಲೆಯದು ಇನ್ನೊಂದು ಪಾಡು. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ಅಣ್ಣ ಐಟಿ ರಿಟರ್ನ್ಸ್ ಸಲ್ಲಿಸಿದವನೇ ಅಲ್ಲ. ಶುಂಠಿಯನ್ನು ಹೊಲದಲ್ಲೇ ಮಾರಿ ನೋಟು ಎಣಿಸಿಕೊಂಡವನು. ನಮ್ಮೂರ ಬೂಚೇಶ್ವರನ ಗುಡಿಗೆ 1173ರ ಶಾಸನವಿದೆ, ಯಾರು ಕಟ್ಟಿಸಿದರೆಂದು ಇವತ್ತಿಗೂ ಓದಬಹುದು; ಹೋದ ವರ್ಷದ ಶುಂಠಿ ದುಡ್ಡಿಗೆ ಒಂದು ಚೀಟಿಯಿಲ್ಲ. ಮ್ಯಾನೇಜರು ತಲೆಯಾಡಿಸಿದ್ದು ಅತ್ತಿಗೆಯ ಪಾಸ್‌ಬುಕ್ ನೋಡಿ. ಡೈರಿಯ ಬಟವಾಡೆ, ಸಣ್ಣ ಮೊತ್ತವೇ ಇರಲಿ, ತಪ್ಪದೆ ಖಾತೆಗೆ ಬಿದ್ದಿತ್ತು. ಮನೆಯಲ್ಲಿ ಯಾರೂ ಸಂಪಾದನೆ ಎಂದು ಲೆಕ್ಕಕ್ಕಿಡದ ಹಾಲಿನ ದುಡ್ಡು ಅದು.

ಈ ನಡುವೆ ಒಬ್ಬ ಏಜೆಂಟ್ ಸಿಕ್ಕಿದ್ದ. ಜರ್ಮನಿ ಬಿಡಿ, ಬ್ರಿಟನ್ನಿಗೆ ಕಳಿಸಿ, ತಿಂಗಳ ಮಟ್ಟಿಗೆ ನಿಮ್ಮ ಖಾತೆಗೆ ದುಡ್ಡು ಹಾಕಿಸುತ್ತೇವೆ, ಬಡ್ಡಿ ಕೊಟ್ಟರಾಯಿತು ಅಂದ. ಅಲ್ಲಿನ ನಿಯಮದಂತೆ ಹಣ 28 ದಿನ ಖಾತೆಯಲ್ಲಿ ಕದಲದೆ ಇರಬೇಕು, ಅದಕ್ಕೇ ಈ ಉಪಾಯ. ನನ್ನ ಕಣ್ಣಿಗೆ ಇದು ನೇರ ಮೋಸ. ಸಿಕ್ಕಿಬಿದ್ದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು, ಮುಚ್ಚುವುದು ಏಜೆಂಟಿಗಲ್ಲ.

ಹಣ ಕಳಿಸುವಾಗ ನೆನಪಿಡಬೇಕಾದದ್ದು ಟಿಸಿಎಸ್. ಸ್ವಂತ ದುಡ್ಡಾದರೆ, 2025ರ ಏಪ್ರಿಲ್‌ನಿಂದ ಈಚೆಗೆ, ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದ ಭಾಗಕ್ಕೆ ಬ್ಯಾಂಕು ತೆರಿಗೆ ವಸೂಲಿ ಮಾಡುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಅದಿಲ್ಲ. ಒಡವೆ ಅಡವಿಟ್ಟು ತಂದ ಸಾಲ ಶಿಕ್ಷಣ ಸಾಲವಲ್ಲ, ಗೊತ್ತಿರಲಿ. ಹಿಡಿದ ಹಣ ವಾಪಸ್ ಬರುತ್ತದೆ, ರಿಟರ್ನ್ಸ್ ಸಲ್ಲಿಸಿದರೆ ಮಾತ್ರ.

"ಹೋದ್ಮೇಲೆ ದುಡ್ದು ತೀರಿಸ್ತಾನೆ ಬುಡು" ಅನ್ನುವವರು ಬಹಳ. ಓದುತ್ತಿರುವಾಗ ಅವನಿಗೆ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಕೆಲಸಕ್ಕಷ್ಟೇ ಅನುಮತಿ. ಆ ಸಂಬಳ ಬಾಡಿಗೆಗೆ ಆದರೆ ಹೆಚ್ಚು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಬಹುದು. ಕಂತು ಶುರುವಾಗುವುದು ಆಮೇಲಾದರೂ ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ಅದನ್ನು ಸದ್ಯ ಕಟ್ಟುತ್ತಿರುವವಳು ಅತ್ತಿಗೆ, ಬಟವಾಡೆ ದುಡ್ಡಿನಲ್ಲಿ.