ಆರೋಗ್ಯ ಪ್ರಶ್ನೋತ್ತರ: ಮನೆಯಲ್ಲಿ ಮಾಡುವ ಸೂಜಿಮೆಣಸಿನ ಸಾಸು

ಪ್ರಶ್ನೆ: ಡಾಕ್ಟರೇ, ನಮ್ಮ ಅಡಕೆ ತೋಟದ ಅಂಚಿನಲ್ಲಿ ಸೂಜಿಮೆಣಸಿನ ಗಿಡಗಳು ತಾವಾಗಿಯೇ ಎದ್ದು ರಾಶಿ ಹಣ್ಣು ಬಿಟ್ಟಿವೆ. ಬೆಂಗಳೂರಿನಲ್ಲಿರುವ ಮಗ ಅಂಗಡಿಯ ಖಾರದ ಸಾಸು ತಂದು, ಇಂಥದ್ದನ್ನು ಮನೆಯಲ್ಲೇ ಮಾಡಮ್ಮ ಎಂದ. ಹಣ್ಣನ್ನು ರುಬ್ಬಿ, ಉಪ್ಪು ಬೆರೆಸಿ ಬಾಟಲಿಗೆ ತುಂಬಿಟ್ಟೆ. ನಾಲ್ಕನೆಯ ದಿನ ಗುಳ್ಳೆ ಎದ್ದು, ಮುಚ್ಚಳ ತೆಗೆದೊಡನೆ ಬುಸ್ಸೆಂದು ಉಕ್ಕಿತು. ಕೆಟ್ಟಿತೆಂದು ಚೆಲ್ಲಬೇಕೆ? ಇನ್ನೊಂದು ಸಲ ಮಾಡುವಾಗ ಬೆಳ್ಳುಳ್ಳಿ ಸೇರಿಸಿ ಮೇಲೆ ಎಣ್ಣೆ ಹಾಕಿಟ್ಟರೆ ಮಳೆಗಾಲ ಕಳೆಯುವವರೆಗೆ ಉಳಿದೀತೆ?
ಗೃಹಿಣಿ, ತಾಳಗುಪ್ಪ

ಉತ್ತರ: ಉಪ್ಪಿನ ಅಳತೆಯನ್ನು ತಾವು ಬರೆದಿಲ್ಲ, ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಅದರ ಮೇಲೆಯೇ ನಿಂತಿದೆ. ಗುಳ್ಳೆ ಏಳುವುದು ತಾನಾಗಿ ದೋಷವಲ್ಲ. ಹಣ್ಣಿನ ಮೈಮೇಲೆ ಸಹಜವಾಗಿಯೇ ಇರತಕ್ಕ ಕೆಲವು ಸೂಕ್ಷ್ಮಾಣುಗಳು, ತಕ್ಕಷ್ಟು ಉಪ್ಪಿರುವಲ್ಲಿ ಮತ್ತು ಗಾಳಿ ತಾಕದಿರುವಲ್ಲಿ, ಹಣ್ಣಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆಗ ಹುಟ್ಟುವ ಅನಿಲವೇ ನಿಮ್ಮ ಬಾಟಲಿಯಲ್ಲಿ ಬುಸ್ಸೆಂದದ್ದು. ಆ ಹುಳಿಯೇ ಮುಂದೆ ಪದಾರ್ಥವನ್ನು ಕಾಯುವ ಕಾವಲು. ನೂರು ಗ್ರಾಂ ಮೆಣಸಿಗೆ ಮೂರರಿಂದ ಐದು ಗ್ರಾಂ ಉಪ್ಪು ಬಿದ್ದಿದ್ದು, ವಾಸನೆಯು ಶುದ್ಧ ಹುಳಿಯದಾಗಿದ್ದರೆ ಮುಂದುವರಿಯಬಹುದು. ಕಣ್ಣಳತೆಯಲ್ಲಿ ಚಿಟಿಕೆ ಉದುರಿಸಿದ್ದರೆ ಮರುಕಪಡದೆ ಚೆಲ್ಲಿಬಿಡಿ, ತೋಟದಲ್ಲಿ ಹಣ್ಣಿಗೆ ಬರವಿಲ್ಲ. 

ಉಪ್ಪು ಹುಳಿಗಳ ಬಲದಿಂದ ಪದಾರ್ಥವನ್ನು ಕಾಯ್ದಿಡುವ ಈ ವಿದ್ಯೆ ನಮ್ಮವರಿಗೆ ಹೊಸತೆಂದು ನಾನು ಒಪ್ಪಲಾರೆ. ಸಾಗರ ಹೊಸನಗರಗಳ ಮನೆಗಳಲ್ಲಿ ಅಪ್ಪೆಮಿಡಿಯನ್ನು ಕಲ್ಲುಪ್ಪಿನ ನಡುವೆ ಪದರ ಪದರವಾಗಿ ಜಾಡಿಗೆ ತುಂಬಿ, ಮಿಡಿ ಸುಕ್ಕುಗಟ್ಟುವವರೆಗೆ ಕಾದು, ಬಿಟ್ಟುಕೊಂಡ ಉಪ್ಪುನೀರನ್ನು ಕುದಿಸಿ ಆರಿಸಿ, ಆಮೇಲೆಯೇ ಖಾರ ಬೆರೆಸುವ ಹಿರಿಯರು, ಒದ್ದೆ ಕೈಯನ್ನಾಗಲಿ ಒದ್ದೆ ಸೌಟನ್ನಾಗಲಿ ಜಾಡಿಯ ಹತ್ತಿರ ಸುಳಿಯಗೊಡದೆ ಇದ್ದುದು ಬರಿಯ ಮಡಿಯ ಮಾತಲ್ಲ. ಉತ್ತರ ಕರ್ನಾಟಕದ ರಂಜಕವೂ, ಹಣ್ಣುಮೆಣಸು, ಉಪ್ಪು, ನಿಂಬೆಹುಳಿಗಳ ಬಲದಿಂದಲೇ ನಿಲ್ಲತಕ್ಕ ಪದಾರ್ಥ. ಆದರೆ ಧಾರವಾಡ ವಿಜಯಪುರಗಳ ಒಣ ಹವೆ ಬೇರೆ, ಜೋಗದ ಸುತ್ತಲಿನ ಜಡಿಮಳೆ ಬೇರೆ. ಇಲ್ಲಿ ಆಷಾಢದಲ್ಲಿ ಬೆಂಕಿಪೆಟ್ಟಿಗೆಗೂ ಬೂಷ್ಟು ಬರುತ್ತದೆ. ಆದಕಾರಣ ಉಪ್ಪನ್ನು ತೂಕ ಮಾಡಿ, ಐದು ಗ್ರಾಮಿನ ಕಡೆಗೇ ಹಾಕುವುದು ಲೇಸು.

ಹಣ್ಣನ್ನು ತೊಳೆದು, ಬಟ್ಟೆಯ ಮೇಲೆ ನೀರಾರಗೊಟ್ಟು, ತೊಟ್ಟು ಬಿಡಿಸಿ, ಕೊಳೆತದ್ದೊಂದೂ ಸೇರದಂತೆ ಆರಿಸಿಕೊಳ್ಳಿ. ಉಪ್ಪಿನೊಡನೆ ತರಿತರಿಯಾಗಿ ಅರೆದು, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಜಾಡಿಯಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ಮೆಣಸು ತನ್ನ ರಸದ ಕೆಳಗೇ ಮುಳುಗಿರುವಂತೆ ಒಂದು ಸಣ್ಣ ಗಾಜಿನ ಬಟ್ಟಲನ್ನು ಮೇಲೆ ಹೇರಿಡಿ. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲವನ್ನು ಬಿಡತಕ್ಕದ್ದು. ಬಿಗಿದಿಟ್ಟ ಗಾಜು ಸಿಡಿಯುವುದುಂಟು. ಒಂದೆರಡು ವಾರಗಳಲ್ಲಿ ಗುಳ್ಳೆ ಇಳಿಯುತ್ತದೆ. ಆಗ ಮೆಣಸಿನ ಅರ್ಧದಷ್ಟು ವಿನೆಗರ್ ಕೂಡಿಸಿ ನುಣ್ಣಗೆ ಅರೆದು, ಕಿಟಕಿ ತೆರೆದಿಟ್ಟು ಒಂದು ಕುದಿ ಬರಿಸಿ, ಸೋಸಿ, ಫ್ರಿಜ್ಜಿನಲ್ಲಿಡಿ. ಆ ಹಬೆ ಎದೆಗೆ ಹೊಡೆಯುವುದರಿಂದ ಉಬ್ಬಸದವರು ಮನೆಯಲ್ಲಿದ್ದರೆ ಆ ಹೊತ್ತಿಗೆ ಅವರನ್ನು ಜಗಲಿಗೆ ಕಳಿಸಿ. ಪ್ರಯೋಗಶಾಲೆಯ ಸಾಮಗ್ರಿ ಮಾರುವಲ್ಲಿ ಸಿಗುವ, ಹುಳಿಯನ್ನು ಅಳೆಯುವ ಪಿ.ಎಚ್. ಕಾಗದವನ್ನು ಅದ್ದಿ ನೋಡಿದರೆ ಅಂಕ ನಾಲ್ಕಕ್ಕಿಂತ ಕೆಳಗಿರಬೇಕು. ಮೇಲೆ ತೆಳ್ಳಗೆ, ಚಪ್ಪಟೆಯಾಗಿ ಕಟ್ಟುವ ಬಿಳಿಯ ಕೆನೆ ಸಾಮಾನ್ಯವಾಗಿ ನಿರುಪದ್ರವಿ, ತೆಗೆದುಹಾಕಿದರೆ ಸಾಕು. ಹಸುರು, ಕಪ್ಪು, ಗುಲಾಬಿ ಬಣ್ಣದ, ನವಿರು ನವಿರಾದ ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ಅಡಿಯದನ್ನು ಉಳಿಸಿಕೊಳ್ಳುವ ಆಸೆ ಸರ್ವಥಾ ಬೇಡ.

ಇನ್ನು ಬೆಳ್ಳುಳ್ಳಿ ಮತ್ತು ಎಣ್ಣೆ. ಇದನ್ನು ಒತ್ತಿ ಹೇಳಬೇಕಾಗಿದೆ. ಎಣ್ಣೆ ಕವಿದರೆ ಎಲ್ಲವೂ ಕೆಡದೆ ಉಳಿಯುವುದೆಂಬ ನಂಬಿಕೆ ಅಪಾಯಕಾರಿಯಾದದ್ದು. ಮಣ್ಣಿನಿಂದ ಬೆಳ್ಳುಳ್ಳಿಗೆ ಅಂಟಿ ಬರಬಹುದಾದ ಬಾಟ್ಯುಲಿನಮ್ ಎಂಬ ಜೀವಾಣುವಿನ ಬೀಜಕಗಳು ಸಾಧಾರಣ ಕುದಿತಕ್ಕೆ ಸಾಯವು. ಹುಳಿಯಿಲ್ಲದ, ಗಾಳಿಯಿಲ್ಲದ, ಬೆಚ್ಚಗಿನ ಎಣ್ಣೆಯ ಅಡಿಯೇ ಅವಕ್ಕೆ ಅನುಕೂಲವಾದ ನೆಲೆ. ಅಲ್ಲಿ ಅವು ಉತ್ಪಾದಿಸುವ ವಿಷವು ನರಗಳನ್ನು ಸ್ತಬ್ಧಗೊಳಿಸುವಂಥದು, ಮತ್ತು ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಪಿ.ಎಚ್. 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಅವು ಬೆಳೆಯಲಾರವು. ಆದುದರಿಂದ ಬೆಳ್ಳುಳ್ಳಿಯನ್ನು ಮೆಣಸಿನೊಡನೆ ಉಪ್ಪು ಹುಳಿಗಳಲ್ಲಿ ಮಾಗಿಸಿರಿ. ಬರಿಯ ಎಣ್ಣೆಯಲ್ಲಿ ಮುಳುಗಿಸಿ ನಾಗಂದಿಗೆಯ ಮೇಲೆ ತಿಂಗಳುಗಟ್ಟಲೆ ಇಡಬೇಡಿ.

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದೇನೆ. ಊಟಕ್ಕೆ ಖಾರದ ಸಾಸು ಬೇಕೇ ಬೇಕು. ಇದರಿಂದ ಹೊಟ್ಟೆಯಲ್ಲಿ ಹುಣ್ಣಾಗುತ್ತದೆಂದು ಮನೆಯವರು ತಡೆಯುತ್ತಾರೆ. ನಿಜವೇ?
ಕೃಷಿಕ, ಹೊಸನಗರ

ಉತ್ತರ: ಖಾರದಿಂದ ಹುಣ್ಣು ಹುಟ್ಟುವುದೆಂದು ಬಹುಕಾಲ ವೈದ್ಯರೂ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬವರು ಜಠರದ ಗೋಡೆಯಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಜೀವಾಣುವನ್ನು ಬೆಳೆಸಿ ತೋರಿಸಿದ ಮೇಲೆ ಆ ಅಭಿಪ್ರಾಯ ಕುಸಿಯಿತು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಸಂದಿತು. ಹುಣ್ಣಿಗೆ ಮುಖ್ಯ ಕಾರಣಗಳು ಈ ಜೀವಾಣು, ಮತ್ತು ಅಡಕೆ ಕೊಯ್ಲಿನ ಮೈಕೈ ನೋವಿಗೆಂದು ಅಂಗಡಿಯಿಂದ ತಂದು ಮನಬಂದಂತೆ ನುಂಗುವ ನೋವಿನ ಮಾತ್ರೆಗಳು. ಹಾಗೆಂದು ಖಾರ ನಿರ್ದೋಷಿಯೆಂದು ತಿಳಿಯಬಾರದು: ಎದೆಯುರಿ, ಹುಳಿತೇಗು, ಗುದದ್ವಾರದ ಬಿರುಕುಗಳಿದ್ದವರಿಗೆ ಅದು ಯಾತನೆಯನ್ನು ಹೆಚ್ಚಿಸುತ್ತದೆ. ಮಲವು ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಅನ್ನ ನುಂಗಲು ಕಷ್ಟವಾದರೆ ಅಥವಾ ತೂಕ ಇಳಿಯುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಿ.

ನಿಮ್ಮ ವಿಷಯದಲ್ಲಿ ನನ್ನ ಆತಂಕವೆಲ್ಲ ಉಪ್ಪಿನದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನವೊಂದಕ್ಕೆ ಸೂಚಿಸಿರುವ ಮಿತಿ ಐದು ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ, ಹಪ್ಪಳ, ಸಾಸು ಮೂರೂ ಒಂದೇ ಊಟದಲ್ಲಿ ಕೂಡಿದರೆ ಆ ಮಿತಿ ಎಲ್ಲಿ ಉಳಿದೀತು? ಸಾಸನ್ನು ನಾಲ್ಕಾರು ಹನಿಗೆ ನಿಲ್ಲಿಸಿ, ಆ ದಿನ ಉಪ್ಪಿನಕಾಯಿಯನ್ನು ಬಿಡಿ.

ಪ್ರಶ್ನೆ: ಮೆಣಸು ಅರೆದ ಕೈ ರಾತ್ರಿಯೆಲ್ಲ ಉರಿಯುತ್ತದೆ. ನೀರಿನಲ್ಲಿ ಎಷ್ಟು ತೊಳೆದರೂ ಹೋಗದು. ಕಣ್ಣಿಗೆ ತಾಗಿದರೆ ಏನು ಮಾಡಲಿ?
ತೀರ್ಥಹಳ್ಳಿಯ ಓದುಗರು

ಉತ್ತರ: ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುವುದು. ಬೀಜಕ್ಕಿಂತ ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿಯೇ ಅದು ಹೆಚ್ಚು. ಸುಡುವ ಬಿಸಿಯನ್ನು ಮಿದುಳಿಗೆ ವರದಿಮಾಡುವ ನರದ್ವಾರವನ್ನೇ ಅದು ತೆರೆಯುವುದರಿಂದ, ಚರ್ಮ ಸುಟ್ಟಿರದಿದ್ದರೂ ಸುಟ್ಟಂತೆಯೇ ಭಾಸವಾಗುತ್ತದೆ. ಈ ದ್ವಾರವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಬಟ್ಟೆಯಿಂದ ಒರೆಸಿ, ಬಳಿಕ ಸೋಪಿನಿಂದ ಎರಡು ಮೂರು ಬಾರಿ ತೊಳೆಯಿರಿ. ಬಾಯಿ ಉರಿದರೆ ನೀರಿಗಿಂತ ಹಾಲು ಅಥವಾ ಮೊಸರು ಮೇಲು. ಕಣ್ಣಿಗೆ ಮಾತ್ರ ಎಣ್ಣೆ, ಹಾಲು ಯಾವುದನ್ನೂ ಹಾಕಬಾರದು. ಉಜ್ಜದೆ, ಶುದ್ಧವಾದ ತಣ್ಣೀರನ್ನು ಹದಿನೈದು ನಿಮಿಷ ಧಾರೆಯಾಗಿ ಹರಿಯಬಿಡಿ. ಆಮೇಲೆಯೂ ನೋವು ಉಳಿದರೆ ಅಥವಾ ದೃಷ್ಟಿ ಮಂಜಾದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸತಕ್ಕದ್ದು.