ಬಿದ್ದು ಕಲಿಯುವ ಆಟಗಳು

ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾವು ವಿಡಿಯೋ ಆಟಗಳ ವಿಷಯವಾಗಿ ಬರೆಯುವೆವೆಂದು ಹೇಳಿದೆವು. ಅವರು ಒಬ್ಬರ ಮುಖವನ್ನೊಬ್ಬರು ನೋಡಿದರು. ತರಗತಿಯಲ್ಲಿ ಮೊಬೈಲನ್ನು ಕಂಡರೆ ವಶಪಡಿಸಿಕೊಳ್ಳುವ ಮುಖ್ಯೋಪಾಧ್ಯಾಯಿನಿಯು ಆ ಆಟಗಳನ್ನು ಹೊಗಳಿ ಬರೆಯುವದು ಹೇಗೆಂಬದು ಅವರ ಸಂದೇಹವಾಗಿತ್ತು. ಎಲ್ಲಾ ಆಟಗಳನ್ನೂ ಹೊಗಳುವದು ನಮ್ಮ ಉದ್ದೇಶವಲ್ಲ. ಆದರೆ ಸೋಲನ್ನು ಮುಚ್ಚಿಡದೆ, ಸೋತವರನ್ನು ಹಾಸ್ಯ ಮಾಡಿ ಬಿಟ್ಟುಬಿಡದೆ, ಸೋಲಿನ ದಾರಿಯಿಂದಲೇ ಹೊಸದನ್ನು ಕಂಡುಕೊಳ್ಳುವಂತೆ ಮಾಡುವ ಕೆಲವು ಅಪೂರ್ವವಾದ ಆಟಗಳುಂಟು. ಅವುಗಳಲ್ಲಿ ಮೂರನ್ನು ಇಲ್ಲಿ ವಿವರಿಸಿ, ಅವುಗಳಿಂದ ನಮಗೂ ನಿಮಗೂ ದೊರೆಯುವ ಬೋಧೆಯೇನೆಂಬದನ್ನು ವಿಚಾರಿಸುವೆವು.

ಈ ವಿಚಾರವು ನಮ್ಮಲ್ಲಿ ಹುಟ್ಟಿದ್ದಕ್ಕೆ ಒಂದು ಕಾರಣವುಂಟು. ಕೆಲವು ವರುಷಗಳ ಹಿಂದೆ ನಾವು ರೇಖಾಗಣಿತದ ಉತ್ತರಪತ್ರಗಳನ್ನು ತಿದ್ದುತ್ತಿರುವಾಗ, ಒಬ್ಬ ಹುಡುಗಿಯ ಕಾಗದದಲ್ಲಿ ಹೆಸರಿನ ಹೊರತು ಏನೂ ಕಾಣಲಿಲ್ಲ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಲಾಗಿ, ಬರೆದು ಅಳಿಸಿದ ಗುರುತುಗಳು ತೋರಿದವು. ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವು ಒಂದೆಡೆಯಲ್ಲಿ ಹರಿದಿತ್ತು. ಅವಳನ್ನು ಕರೆದು ಕೇಳಿದಾಗ, “ತಪ್ಪಾಗಿದ್ದರೆ ಏನು ಗತಿ ಎಂದು ಅಳಿಸಿಬಿಟ್ಟೆನು, ಟೀಚರ್” ಅಂದಳು. ಆ ಗುರುತುಗಳನ್ನು ಕೂಡಿಸಿ ಓದಿದೆವು; ಪ್ರಮೇಯದ ಸಾಧನೆಯು ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು. ಅವಳಿಗೆ ಆ ಹೆದರಿಕೆಯನ್ನು ಕಲಿಸಿದವರು ಯಾರೆಂದು ತಿಳಿಯುವದಕ್ಕಾಗಿ ಅವಳ ನೋಟುಪುಸ್ತಕವನ್ನು ತರಿಸಿ ನೋಡಿದೆವು. ಪುಟಪುಟದಲ್ಲಿಯೂ ಕೆಂಪು ಶಾಯಿಯಿಂದ ಅಡ್ಡಲಾಗಿ ಎಳೆದ ಗೀಟುಗಳಿದ್ದವು. ಅವು ನಮ್ಮ ಕೈಯವೇ ಆಗಿದ್ದವು.

೧. ಆಟದಲ್ಲಿ ಸೋಲು

ಸೋಲನ್ನು ಆಟದೊಳಗಿಟ್ಟು ಕಲಿಸುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಪರಮಪದ ಸೋಪಾನ ಪಟದಲ್ಲಿ ಸದ್ಗುಣಗಳು ಏಣಿಗಳಾಗಿಯೂ ದುರ್ಗುಣಗಳು ಹಾವುಗಳಾಗಿಯೂ ಇರುತ್ತಿದ್ದವು. ಈ ಆಟವೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಗಿ ಮಕ್ಕಳ ಹಾವು-ಏಣಿಯ ಆಟವಾಯಿತು. ಆದರೆ ಅದರಲ್ಲಿ ಹಾವಿನ ಬಾಯಿಗೆ ಬೀಳಿಸುವದು ದಾಳವೇ ಹೊರತು ಆಡುವವಳ ಕೈಯಲ್ಲ. ನೂರು ಸಾರಿ ಬಿದ್ದವಳಿಗೂ ನೂರೊಂದನೆಯ ಸಾರಿ ಬೀಳದಿರುವ ಉಪಾಯವು ತಿಳಿಯದು. ಆ ಆಟವು ತಾಳ್ಮೆಯನ್ನು ಕಲಿಸೀತು, ತಿಳುವಳಿಕೆಯನ್ನು ಹೆಚ್ಚಿಸದು.

ಡೆನ್ಮಾರ್ಕ್ ದೇಶದ ವಿದ್ವಾಂಸರಾದ ಯೆಸ್ಪರ್ ಯೂಲ್ ಎಂಬವರು ೨೦೧೩ರಲ್ಲಿ ‘ದಿ ಆರ್ಟ್ ಆಫ್ ಫೇಲ್ಯರ್’, ಅಂದರೆ ಸೋಲಿನ ಕಲೆ, ಎಂಬ ಪುಸ್ತಕವನ್ನು ಪ್ರಕಟಿಸಿದರು. ಅವರು ಎತ್ತಿದ ಪ್ರಶ್ನೆಯು ಸರಳವಾದದ್ದು. ಮನುಷ್ಯರು ಸೋಲಿನಿಂದ ತಪ್ಪಿಸಿಕೊಳ್ಳಲು ಬಯಸುತ್ತಾರೆ. ಆಟವಾಡಿದರೆ ಸೋಲು ಬಂದೇ ಬರುತ್ತದೆ. ಹೀಗಿದ್ದೂ ಅವರು ಆಟವನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ. ಇದು ಹೇಗೆ? ಅವರ ವಿಚಾರದ ಸಾರವೇನೆಂದರೆ, ಆಟದಲ್ಲಿ ಸೋತಾಗ ಆಗುವ ನೋವು ನಿಜವಾದದ್ದೇ. ಆದರೆ ನಮ್ಮ ಕೊರತೆಯನ್ನು ತೋರಿಸಿಕೊಟ್ಟ ಆಟವೇ ಅದನ್ನು ನೀಗಿಸಿಕೊಳ್ಳುವ ಅವಕಾಶವನ್ನೂ ಕೊಡುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಮುಂದಿನ ಮೂರು ಆಟಗಳನ್ನು ಒಂದೇ ಪ್ರಶ್ನೆಯಿಂದ ಪರೀಕ್ಷಿಸೋಣ: ಸೋತ ಮೇಲೆ ಆಡುವವಳ ಕೈಯಲ್ಲಿ ಏನು ಉಳಿಯುವದು?

೨. ತಿಳುವಳಿಕೆಯೊಂದೇ ಉಳಿಯುವ ಆಟ

ಮೊದಲನೆಯದು ‘ಔಟರ್ ವೈಲ್ಡ್ಸ್’. ಅಲೆಕ್ಸ್ ಬೀಚಮ್ ಎಂಬವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವಾಗ ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ ಇದನ್ನು ಆರಂಭಿಸಿದರು. ಮೋಬಿಯಸ್ ಡಿಜಿಟಲ್ ಎಂಬ ಸಂಸ್ಥೆಯವರು ಅದನ್ನು ಪೂರ್ಣಗೊಳಿಸಿ ೨೦೧೯ರಲ್ಲಿ ಹೊರಡಿಸಿದರು. ೨೦೨೦ರಲ್ಲಿ ಬ್ರಿಟಿಷ್ ಅಕಾಡೆಮಿಯ ಅತ್ಯುತ್ತಮ ಆಟದ ಬಹುಮಾನವು ಇದಕ್ಕೆ ದೊರಕಿತು.

ಆಡುವವಳು ಒಂದು ಪುಟ್ಟ ಗ್ರಹದಲ್ಲಿ ರಾತ್ರಿಯ ಆಕಾಶದ ಕೆಳಗೆ, ಉರಿಯುವ ಬೆಂಕಿಯ ಪಕ್ಕದಲ್ಲಿ ಎಚ್ಚರಗೊಳ್ಳುತ್ತಾಳೆ. ಅವಳು ತನ್ನ ಸೂರ್ಯಮಂಡಲವನ್ನು ಶೋಧಿಸಲು ಅದೇ ದಿವಸ ಹೊರಡತಕ್ಕ ಗಗನಯಾತ್ರಿಯು. ಅವಳಿಗೆ ಆಯುಧವಿಲ್ಲ, ಗೆಲ್ಲಬೇಕಾದ ರಾಜ್ಯವೂ ಇಲ್ಲ. ಎಲ್ಲಿಗೆ ಹೋಗಬೇಕೆಂದು ಯಾರೂ ಆಜ್ಞಾಪಿಸುವದಿಲ್ಲ. ಆದರೆ ೨೨ ನಿಮಿಷಗಳಾಗುತ್ತಲೇ ಸೂರ್ಯನು ಸಿಡಿದು ಸಕಲವೂ ನಾಶವಾಗುವದು. ಆಟವು ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಅವಳು ಪುನಃ ಅದೇ ಬೆಂಕಿಯ ಪಕ್ಕದಲ್ಲಿ ಕಣ್ಣು ತೆರೆಯುತ್ತಾಳೆ. ಹಿಂದಿನ ಸಾರಿ ಏನೇನು ಕಂಡಳೋ ಅದರ ದಾಖಲೆಯು ನೌಕೆಯ ದಿನಚರಿಯಲ್ಲಿ ಉಳಿದಿರುತ್ತದೆ. ಹೆಚ್ಚಿನ ಬಲವಾಗಲಿ, ಹಣವಾಗಲಿ, ಹೊಸ ಸಲಕರಣೆಯಾಗಲಿ ದೊರೆಯುವದಿಲ್ಲ. ಹಿಂದೆ ತೆರೆಯದಿದ್ದ ಬಾಗಿಲು ಈಗ ತೆರೆಯುವದು ಅವಳಿಗೆ ತಿಳುವಳಿಕೆ ಬಂದಿರುವ ಕಾರಣದಿಂದಲೇ.

ಒಂದು ದೃಷ್ಟಾಂತವನ್ನು ಕೊಡುವೆವು. ಆ ಮಂಡಲದಲ್ಲಿ ಎರಡು ಅವಳಿ ಗ್ರಹಗಳು ಒಂದನ್ನೊಂದು ಸುತ್ತುತ್ತಿರುತ್ತವೆ. ಒಂದರ ಮೇಲಣ ಮರಳು ಕಂಬದಂತೆ ಇನ್ನೊಂದರ ಮೇಲೆ ಸುರಿಯುತ್ತಿರುತ್ತದೆ. ಮರಳು ಬೀಳುವ ಗ್ರಹದ ಗುಹೆಗಳು ನಿಮಿಷ ನಿಮಿಷಕ್ಕೂ ತುಂಬುತ್ತಾ ಬರುವದರಿಂದ, ತಡಮಾಡಿದವಳು ಒಳಗೆ ಸಿಕ್ಕಿಕೊಂಡು ಸಾಯುತ್ತಾಳೆ. ಮರಳು ಬರಿದಾಗುವ ಗ್ರಹದಲ್ಲಿಯಾದರೋ ಹೂತುಹೋಗಿದ್ದ ಕಟ್ಟಡಗಳು ಮೆಲ್ಲಮೆಲ್ಲನೆ ತಲೆಯೆತ್ತುತ್ತವೆ. ಅಲ್ಲಿಗೆ ಬೇಗನೆ ಹೋದವಳಿಗೆ ಏನೂ ಕಾಣದು. ಒಂದೆಡೆ ಮೊದಲು ಹೋಗತಕ್ಕದ್ದು, ಇನ್ನೊಂದೆಡೆ ಕಾಯತಕ್ಕದ್ದು ಎಂಬದನ್ನು ಯಾರೂ ಹೇಳಿಕೊಡುವದಿಲ್ಲ. ಎರಡು ಕಡೆಗಳಲ್ಲಿಯೂ ಸೋತವಳಿಗೆ ಅದು ತಾನಾಗಿಯೇ ಹೊಳೆಯುವದು.

ರಜೆಯಲ್ಲಿ ನಮ್ಮ ತಂಗಿಯ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಈ ಆಟವನ್ನು ತೆರೆದು ನಮ್ಮನ್ನು ಕೂರಿಸಿದಳು. ನೌಕೆಯನ್ನು ಬಹು ಕಷ್ಟದಿಂದ ಒಂದು ಕಡೆ ಇಳಿಸಿದ ಸಂತೋಷದಲ್ಲಿ ನಾವು ಕೂಡಲೇ ಬಾಗಿಲು ತೆರೆದು ಹೊರಗಿಳಿದೆವು. ಗಗನದ ಉಡುಪನ್ನು ತೊಡಲಿಕ್ಕೆ ಮರೆತಿದ್ದರಿಂದ ಉಸಿರುಗಟ್ಟಿ ಸತ್ತೆವು. “ದೊಡ್ಡಮ್ಮಾ, ಗಾಳಿಯಿಲ್ಲದ ಕಡೆ ಉಸಿರಾಡಲಾಗದೆಂದು ಮಕ್ಕಳಿಗೆ ಕಲಿಸುವವರು ನೀವೇ ಅಲ್ಲವೇ?” ಎಂದು ಅವಳು ನಕ್ಕಳು. ಇಪ್ಪತ್ತು ವರುಷ ಬೋಧಿಸಿದ ಸಂಗತಿಯನ್ನು ನಾವು ಅಂದೇ ಕಲಿತಂತಾಯಿತು. ಮುಂದಿನ ಸಾರಿ ಉಡುಪನ್ನು ಮರೆಯಲಿಲ್ಲ. ಈ ಆಟದ ಅಂತ್ಯವನ್ನು ಮಾತ್ರ ಇಲ್ಲಿ ಹೇಳುವದಿಲ್ಲ. ಅದನ್ನು ಹೇಳಿದರೆ, ಆಡುವವಳು ಸ್ವತಃ ಕಂಡುಕೊಳ್ಳಬೇಕಾದದ್ದನ್ನು ನಾವು ಕಸಿದುಕೊಂಡಂತಾಗುವದು.

೩. ಕೈಯ ಅಭ್ಯಾಸವೊಂದೇ ಉಳಿಯುವ ಆಟ

ಎರಡನೆಯದು ಬಹು ಕಠಿನವಾದದ್ದು. ಆಸ್ಟ್ರೇಲಿಯದವರಾದ ಬೆನೆಟ್ ಫಾಡಿ ಎಂಬವರು ತತ್ತ್ವಶಾಸ್ತ್ರದ ವಿದ್ವಾಂಸರು, ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿದವರು. ಅವರು ೨೦೧೭ರಲ್ಲಿ ‘ಗೆಟ್ಟಿಂಗ್ ಓವರ್ ಇಟ್’ ಎಂಬ ಆಟವನ್ನು ಹೊರಡಿಸಿದರು. ಕಬ್ಬಿಣದ ಹಂಡೆಯೊಳಗೆ ಸೊಂಟದ ತನಕ ಕೂತಿರುವ ಒಬ್ಬ ಮನುಷ್ಯನು, ಉದ್ದವಾದ ಹಿಡಿಯುಳ್ಳ ಸುತ್ತಿಗೆಯೊಂದನ್ನೇ ಊರಿ, ಸಿಕ್ಕಿಸಿ, ತಳ್ಳಿ, ಬಂಡೆಗಳಿಂದಲೂ ಹಳೆಯ ಸಾಮಾನುಗಳಿಂದಲೂ ಆದ ಗುಡ್ಡವನ್ನು ಹತ್ತಬೇಕು. ಅವನಿಗೆ ಡಯೋಜಿನೀಸ್ ಎಂಬ ಗ್ರೀಕ್ ತತ್ತ್ವಜ್ಞಾನಿಯ ಹೆಸರನ್ನಿಟ್ಟಿದ್ದಾರೆ. ನಡುವೆ ಸುರಕ್ಷಿತವಾದ ತಂಗುದಾಣವಿಲ್ಲ. ಕೆಲವು ಸ್ಥಳಗಳಲ್ಲಿ ಕೈ ಒಂದಿಷ್ಟು ತಪ್ಪಿದರೆ ಗಂಟೆಗಟ್ಟಲೆ ಹತ್ತಿದವನು ಬುಡಕ್ಕೆ ಬಂದು ಬೀಳುವನು. ಬಿದ್ದಾಗ ಆಟವನ್ನು ಮಾಡಿದವರ ಧ್ವನಿಯೇ ಕೇಳಿಬಂದು, ಸೋಲಿನ ವಿಷಯವಾಗಿ ಹಿರಿಯರು ಹೇಳಿದ ಮಾತುಗಳನ್ನು ಮೆಲ್ಲನೆ ನುಡಿಯುವದು.

ಇಲ್ಲಿ ದಿನಚರಿಯಿಲ್ಲ, ಹೊಸ ರಹಸ್ಯವೂ ಇಲ್ಲ. ಆದರೂ ಎರಡನೆಯ ಸಾರಿ ಹತ್ತುವಾಗ ಮೊದಲಿನ ಅರ್ಧ ದಾರಿಯು ಸುಲಭವಾಗಿ ಸಾಗುವದು. ಎತ್ತರವು ಕಳೆದುಹೋದರೂ ಕೈಯ ಅಭ್ಯಾಸವು ಕಳೆದುಹೋಗಲಿಲ್ಲ. ಹೊಲಿಗೆಯ ತರಗತಿಯಲ್ಲಿ ಹಾಕಿದ ಹೊಲಿಗೆಯನ್ನು ಪೂರ್ತಿಯಾಗಿ ಬಿಚ್ಚಿ ತಿರಿಗಿ ಹೊಲಿದವರಿಗೆ ಈ ಮಾತು ತಿಳಿದೇ ಇರುವದು.

೪. ಎದ್ದು ನಿಲ್ಲುವ ಸ್ಥಳವು ಹತ್ತಿರವಿರುವ ಆಟ

ಮೂರನೆಯದು ೨೦೧೮ರಲ್ಲಿ ಹೊರಟ ‘ಸೆಲೆಸ್ಟ್’. ಇದನ್ನು ನಿರ್ಮಿಸಿದವರಲ್ಲಿ ಮುಖ್ಯರು ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ. ಮ್ಯಾಡಲಿನ್ ಎಂಬ ತರುಣಿಯು ಒಂದು ಪರ್ವತವನ್ನು ಹತ್ತಲು ನಿಶ್ಚಯಿಸುತ್ತಾಳೆ. ದಾರಿಯಲ್ಲಿ ಮುಳ್ಳುಗಳೂ ಕಮರಿಗಳೂ ಬಹಳ. ನೂರಾರು ಸಾರಿ ಬೀಳುವದು ಸಾಮಾನ್ಯ. ಆದರೆ ಪ್ರತಿ ಸಾರಿಯೂ ಅವಳು ಬಿದ್ದ ದೃಶ್ಯದ ಆರಂಭದಲ್ಲಿಯೇ, ಒಂದು ಕ್ಷಣವೂ ತಡವಿಲ್ಲದೆ, ಎದ್ದು ನಿಲ್ಲುತ್ತಾಳೆ. ಪ್ರತಿ ಅಧ್ಯಾಯದ ಕೊನೆಗೆ ಎಷ್ಟು ಸಾರಿ ಬಿದ್ದಳೆಂಬ ಲೆಕ್ಕವನ್ನು ತೋರಿಸುತ್ತಾರೆ. ಆ ಲೆಕ್ಕಕ್ಕೆ ನಾಚಬಾರದು, ಅದು ಕಲಿತದ್ದರ ಗುರುತು ಎಂದು ಆಟವೇ ತಿಳಿಸುವದು.

ಮ್ಯಾಡಲಿನ್ನಳಿಗೆ ಗಾಬರಿಯ ಬಾಧೆಯುಂಟು. ತೂಗುಬಂಡಿಯು ನಡುದಾರಿಯಲ್ಲಿ ನಿಂತುಹೋದಾಗ ಅವಳ ಉಸಿರು ಕಟ್ಟುವದು. ಜತೆಗಾರನು, ಒಂದು ಗರಿಯನ್ನು ಭಾವಿಸಿಕೊಂಡು ಉಸಿರಿನಿಂದಲೇ ಅದನ್ನು ಮೇಲೆ ಕೆಳಗೆ ತೇಲಿಸೆಂದು ಕಲಿಸುತ್ತಾನೆ. ಅವಳ ಹೆದರಿಕೆಯೂ ಕೋಪವೂ ಕನ್ನಡಿಯಿಂದ ಹೊರಬಂದ ಮತ್ತೊಬ್ಬಳಾಗಿ ಅವಳನ್ನು ತಡೆಯುತ್ತವೆ. ಅವಳನ್ನು ತೊರೆದುಬಿಡಲು ಹೋದಾಗ ಮ್ಯಾಡಲಿನ್ ಪರ್ವತದ ಆಳಕ್ಕೆ ಬೀಳುತ್ತಾಳೆ. ಅವಳೊಂದಿಗೆ ಸಮಾಧಾನವಾದ ಮೇಲೆಯೇ ಇಬ್ಬರೂ ಕೂಡಿ ಮೇಲಕ್ಕೆ ಹತ್ತುತ್ತಾರೆ. ಇನ್ನೊಂದು ವಿಶೇಷವೇನೆಂದರೆ, ಕೈ ಸಾಗದವರು ಆಟದ ವೇಗವನ್ನು ತಗ್ಗಿಸಿಕೊಳ್ಳಬಹುದು. ಸಹಾಯವನ್ನು ಕೇಳಿದವರನ್ನು ಅದು ತಾತ್ಸಾರ ಮಾಡುವದಿಲ್ಲ.

೫. ಎಚ್ಚರಿಕೆಯ ಮಾತು

ಎಲ್ಲಾ ಆಟಗಳೂ ಹೀಗಿಲ್ಲ. ಮೊಬೈಲಿನ ಅನೇಕ ಆಟಗಳಲ್ಲಿ ಕೆಲವೇ ‘ಪ್ರಾಣ’ಗಳನ್ನು ಕೊಟ್ಟು, ಅವು ತೀರಿದಾಗ ಕಾಯಬೇಕು, ಇಲ್ಲವೆ ಹಣ ತೆರಬೇಕು ಎನ್ನುತ್ತಾರೆ. ಅಲ್ಲಿ ಸೋಲು ಪಾಠವಲ್ಲ, ವ್ಯಾಪಾರದ ಸರಕು. ಹಣವನ್ನು ಪಣವಾಗಿಡುವ ಆಟಗಳಂತೂ ಕುಟುಂಬಗಳನ್ನೇ ಹಾಳುಮಾಡಿರುತ್ತವೆ. ಆದಕಾರಣ ಯಾವ ಆಟವೇ ಆಗಲಿ, ಮೇಲೆ ಹೇಳಿದ ಪ್ರಶ್ನೆಯನ್ನು ಕೇಳಿರಿ: ಸೋತ ಮೇಲೆ ನನ್ನ ಕೈಯಲ್ಲಿ ಏನು ಉಳಿಯಿತು? ಏನೂ ಉಳಿಯದಿದ್ದರೆ ಅದನ್ನು ಬಿಟ್ಟುಬಿಡುವದೇ ಲೇಸು. ಒಳ್ಳೆಯ ಆಟವನ್ನಾದರೂ ನಿದ್ರೆಯನ್ನೂ ಕೆಲಸವನ್ನೂ ಕೆಡಿಸುವಷ್ಟು ಆಡಕೂಡದು.

ಇನ್ನೊಂದನ್ನೂ ಸತ್ಯವಾಗಿ ಹೇಳಬೇಕು. ಆಟದಲ್ಲಿ ಸತ್ತವಳು ಕ್ಷಣದಲ್ಲಿ ಏಳುತ್ತಾಳೆ; ಪರೀಕ್ಷೆಯಲ್ಲಿ ಸೋತ ಹುಡುಗಿಯು ಮನೆಗೆ ಹೋಗಬೇಕು, ತಂದೆಯ ಮುಖವನ್ನು ನೋಡಬೇಕು; ಕೆಲವು ಮನೆಗಳಲ್ಲಿ ಅವಳ ಓದು ಅಲ್ಲಿಗೇ ನಿಲ್ಲುವದು. ಅವಳೊಂದಿಗೆ “ಇದೆಲ್ಲಾ ಆಟವೇ ಸರಿ” ಎನ್ನುವದು ಕ್ರೂರತನ. ಜೀವನವನ್ನು ಆಟವೆಂದು ಎಣಿಸಿರೆಂಬದು ನಮ್ಮ ಬೋಧೆಯಲ್ಲ. ಹೊರಗೆ ಸೋಲಿನ ಬೆಲೆಯು ಇಷ್ಟು ಹೆಚ್ಚಾಗಿರುವದರಿಂದಲೇ, ತಪ್ಪು ಮಾಡಿ ತಿದ್ದಿಕೊಳ್ಳಲು ಅಗ್ಗವಾದ ಒಂದು ಸ್ಥಳವು ಎಲ್ಲಿಯಾದರೂ ಇರಬೇಕು. ಆ ಸ್ಥಳವು ಶಾಲೆಯೇ ಆಗಿರತಕ್ಕದ್ದು.

೬. ಶಾಲೆಗೆ ದೊರೆತ ಬೋಧೆ

೨೦೨೪ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರುಷದಲ್ಲಿ ಮೂರು ಸಾರಿ ಪರೀಕ್ಷೆಗೆ ಕೂತು, ಉತ್ತಮವಾದ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶವು ದೊರೆಯಿತು. ಇದು ಒಳ್ಳೆಯ ಹೆಜ್ಜೆ. ಆದರೆ ಎರಡನೆಯ ಅವಕಾಶವಿದ್ದರೆ ಸಾಲದು. ಮೊದಲನೆಯದರಲ್ಲಿ ಎಲ್ಲಿ ತಪ್ಪಿದೆನೆಂದು ತಿಳಿದಿರಬೇಕು. ಅಳಿಸಿದ ಕಾಗದದಲ್ಲಿ ಅದು ತಿಳಿಯದು.

ಆದದರಿಂದ ನಮ್ಮ ಗಣಿತದ ತರಗತಿಯಲ್ಲಿ ರಬ್ಬರನ್ನು ನಿಲ್ಲಿಸಿದೆವು. ತಪ್ಪಿದ ಹೆಜ್ಜೆಯ ಮೇಲೆ ಹುಡುಗಿಯು ತಾನೇ ಒಂದು ತೆಳುವಾದ ಗೀಟೆಳೆದು, ಪಕ್ಕದಲ್ಲಿ “ಇಲ್ಲಿ ತಪ್ಪಿದೆ, ಯಾಕೆಂದರೆ” ಎಂದು ಒಂದು ವಾಕ್ಯವನ್ನು ಬರೆಯತಕ್ಕದ್ದು. ಕಿರುಪರೀಕ್ಷೆಗಳಲ್ಲಿ ಆ ವಾಕ್ಯಕ್ಕೂ ಅಂಕವುಂಟು. ಕೆಂಪು ಶಾಯಿಯನ್ನು ನಾವು ಬಿಟ್ಟೆವು. ಉಪಾಧ್ಯಾಯಿನಿಯರೂ ಕಪ್ಪು ಹಲಗೆಯ ಮೇಲೆ ತಪ್ಪು ಮಾಡಿದಾಗ ಬೇಗನೆ ಒರಸಿಬಿಡದೆ, ಮಕ್ಕಳೆದುರಿಗೆ ಕಾರಣವನ್ನು ಹೇಳಿ ತಿದ್ದಬೇಕೆಂದು ಗೊತ್ತುಮಾಡಿದೆವು. ಎಲ್ಲರಿಗಿಂತ ಹೆಚ್ಚು ಕಷ್ಟವಾದದ್ದು ನಮಗೇ. ಕಾಗದವನ್ನು ಹರಿಯುವಷ್ಟು ಉಜ್ಜಿದ ಆ ಹುಡುಗಿಯು ಮೊದಲನೆಯ ತಿಂಗಳೆಲ್ಲಾ ಏನೂ ಬರೆಯಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿವಸ ಅವಳ ಪುಸ್ತಕದಲ್ಲಿ ಐದು ಗೀಟುಗಳೂ ಐದು ವಾಕ್ಯಗಳೂ ಇದ್ದವು. ಉತ್ತರವು ಆಗಲೂ ತಪ್ಪಾಗಿಯೇ ಇತ್ತು. ನಾವು ಆ ಪುಟವನ್ನು ಬಹಳ ಹೊತ್ತು ನೋಡಿದೆವು.

ಯೋಹಾನನ ಸುವಾರ್ತೆಯನ್ನು ಓದಿದ ನೀವು ಪೇತ್ರನನ್ನು ಬಲ್ಲಿರಿ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ಅವನು ತನ್ನ ಗುರುವನ್ನು ಅರಿಯೆನೆಂದನು. ಮೂರು ಸಾರಿ ಸೋತನು. ಪುನರುತ್ಥಾನವಾದ ಮೇಲೆ ಕರ್ತನು ಸಮುದ್ರತೀರದಲ್ಲಿ ಅವನಿಗಾಗಿ ಪುನಃ ಇದ್ದಲಿನ ಬೆಂಕಿಯನ್ನೇ ಸಿದ್ಧಮಾಡಿ, ಊಟಕ್ಕೆ ಕರೆದು, ಮೂರು ಸಾರಿ ಪ್ರಶ್ನೆ ಕೇಳಿದನು. ಹಳೆಯ ಸೋಲನ್ನು ಅಳಿಸಲಿಲ್ಲ. ಸೋತ ಸ್ಥಳದಂಥ ಸ್ಥಳಕ್ಕೇ ಅವನನ್ನು ಕರೆತಂದು ಎದ್ದು ನಿಲ್ಲಿಸಿದನು. ಈ ಶಾಲೆಯ ಪ್ರತಿ ಕೊಠಡಿಯಲ್ಲಿಯೂ ಬಿದ್ದವಳಿಗಾಗಿ ಅಂಥ ಒಂದು ಬೆಂಕಿಯು ಉರಿಯುತ್ತಿರಲೆಂದು ನಮ್ಮ ಪ್ರಾರ್ಥನೆ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಹಾವು-ಏಣಿಯ ಆಟದ ಸೋಲಿಗೂ ‘ಔಟರ್ ವೈಲ್ಡ್ಸ್’ ಆಟದ ಸೋಲಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
೨. ಅವಳಿ ಗ್ರಹಗಳ ಮರಳಿನ ದೃಷ್ಟಾಂತದಿಂದ ಕಾಲವನ್ನು ಕುರಿತು ಏನು ತಿಳಿಯುವದು?
೩. ಮನೆಯಲ್ಲಿ ನೀವು ಆಡುವ ಒಂದು ಆಟವನ್ನು ಆರಿಸಿಕೊಂಡು, ಸೋತ ಮೇಲೆ ಕೈಯಲ್ಲಿ ಏನು ಉಳಿಯುತ್ತದೆಂದು ಬರೆಯಿರಿ.
೪. ಈ ವಾರದಲ್ಲಿ ನೀವು ಮಾಡಿದ ಒಂದು ತಪ್ಪನ್ನು ಅಳಿಸದೆ ಬರೆದು, ಅದರ ಪಕ್ಕದಲ್ಲಿ ಕಾರಣವನ್ನು ಕಾಣಿಸಿರಿ.